ಅಳಿಸಿದರೆ ಏನಾಗುತ್ತದೆ? ಅನುಮತಿಯಿಲ್ಲದ ಬೀದಿಚಿತ್ರಗಳನ್ನು ಓದುವ ಬಗೆ

2015ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಗೆ ಒಂದು ಮೊಸಳೆ ಬಂತು. ನೀರಿನ ಪೈಪು ಒಡೆದು ರಸ್ತೆ ಕುಸಿದು, ಸುಮಾರು 12 ಅಡಿಯ ಗುಂಡಿ ಬಿದ್ದು ವಾರಗಳೇ ಕಳೆದಿದ್ದವು. ದೂರು ಕೊಟ್ಟವರು ಕೊಟ್ಟು ಸುಮ್ಮನಾಗಿದ್ದರು, ಗಾಡಿ ಓಡಿಸುವವರು ಸುತ್ತಿ ಬಳಸಿ ಹೋಗುವುದನ್ನು ರೂಢಿ ಮಾಡಿಕೊಂಡಿದ್ದರು. ಮೈಸೂರಿನಲ್ಲಿ ಚಿತ್ರಕಲೆ ಕಲಿತು ಬೆಂಗಳೂರಿಗೆ ಬಂದಿದ್ದ ಬಾದಲ್ ನಂಜುಂಡಸ್ವಾಮಿ ಆ ಗುಂಡಿಯನ್ನು ಕೊಳದಂತೆ ಮಾಡಿ, ಅದರಲ್ಲಿ ನಿಜ ಗಾತ್ರದ ಮೊಸಳೆಯೊಂದನ್ನು ತಂದಿಟ್ಟರು. ಖರ್ಚು ಅವರದೇ, ಸುಮಾರು 6,000 ರೂಪಾಯಿ. ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಜನ ನಿಂತು ನೋಡಿದರು, ಫೋಟೊ ತೆಗೆದರು, ಪತ್ರಿಕೆಗಳಲ್ಲಿ ಬಂತು. ತಿಂಗಳ ದೂರುಗಳಿಗೆ ಅಲುಗದಿದ್ದ ಗುಂಡಿ ಕೆಲವೇ ದಿನಗಳಲ್ಲಿ ಮುಚ್ಚಿತು.

ಮೊಸಳೆಯ ಕಥೆ ಬಹಳ ಜನರಿಗೆ ಗೊತ್ತು. ಆದರೆ ಅದರೊಳಗಿನ ಒಂದು ಸಂಗತಿಯನ್ನು ನಾವು ಗಮನಿಸದೆ ಮುಂದೆ ಸಾಗುತ್ತೇವೆ. ಆ ಕಲಾಕೃತಿಯನ್ನು ಮಾಡಿದ್ದೇ ಅದು ಇಲ್ಲವಾಗಲಿ ಎಂದು. ಚಿತ್ರಶಾಲೆಯಲ್ಲಿ ಕೆಲಸ ಮಾಡುವ ಕಲಾವಿದ ತನ್ನ ಕೃತಿ ನೂರು ವರ್ಷ ಉಳಿಯಲಿ ಎಂದು ಬಯಸುತ್ತಾನೆ. ಇಲ್ಲಿ ಪಾಲಿಕೆಯವರು ಬಂದು ಕೃತಿಯ ಮೇಲೆ ಜಲ್ಲಿ ಸುರಿದು ಟಾರು ಹಾಕಿದ ದಿನವೇ ಕೃತಿ ಪೂರ್ಣಗೊಂಡಿತು.

ಅಪ್ಪಣೆಯಿಲ್ಲದೆ ಬೀದಿಯಲ್ಲಿ ಮೂಡುವ ಚಿತ್ರಗಳ ಬಗ್ಗೆ ಮಾತೆತ್ತಿದರೆ ನಮ್ಮಲ್ಲಿ ಚರ್ಚೆ ಬೇಗನೆ ಎರಡು ಮೂಲೆ ಸೇರುತ್ತದೆ. ಒಬ್ಬರಿಗೆ ಅದು ಕಲೆ, ಇನ್ನೊಬ್ಬರಿಗೆ ಗೋಡೆ ಹೊಲಸು ಮಾಡುವ ಕೆಲಸ. ಎರಡೂ ಉತ್ತರಗಳು ಚಿತ್ರದ ರೂಪವನ್ನು ಮಾತ್ರ ನೋಡುತ್ತವೆ, ಅದು ಯಾಕೆ ಅಲ್ಲಿ ಬಂತು ಎಂಬುದನ್ನು ನೋಡುವುದಿಲ್ಲ. ಉದ್ದೇಶವನ್ನು ತಿಳಿಯಲು ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಬೇರೆಯೇ ಒಂದು ಪ್ರಶ್ನೆ: ಈ ಚಿತ್ರವನ್ನು ನಾಳೆ ಅಳಿಸಿದರೆ ಏನಾಗುತ್ತದೆ? ಬರೆದವರು ಗೆಲ್ಲುತ್ತಾರೆಯೇ, ಸೋಲುತ್ತಾರೆಯೇ, ಮತ್ತೆ ಬಂದು ಬರೆಯುತ್ತಾರೆಯೇ? ಈ ಪ್ರಶ್ನೆಯನ್ನು ಹಿಡಿದು ಬೇರೆ ಬೇರೆ ಊರಿನ ಗೋಡೆಗಳ ಮುಂದೆ ನಿಂತರೆ, ಒಂದೇ ಹೆಸರಿನಿಂದ ಕರೆಯುವ ಕೆಲಸಗಳು ಎಷ್ಟು ಬೇರೆಬೇರೆ ಎಂದು ಕಾಣುತ್ತದೆ.

ಮೊದಲು 'ಅಪ್ಪಣೆ' ಎಂಬ ಮಾತನ್ನೇ ಸ್ವಲ್ಪ ನೋಡಬೇಕು. ಪ್ರತಿದಿನ ಬೆಳಿಗ್ಗೆ ಕರ್ನಾಟಕದ ಲಕ್ಷಾಂತರ ಮನೆಗಳ ಮುಂದೆ ಹೆಣ್ಣುಮಕ್ಕಳು ನೀರು ಹಾಕಿ, ಗುಡಿಸಿ, ರಂಗೋಲಿ ಇಡುತ್ತಾರೆ. ಹೊಸಿಲಿನ ಮೇಲಿನದು ಮನೆಯ ಜಾಗವಾದರೂ, ಬೀದಿಗೆ ಹರಡಿದ ದೊಡ್ಡ ರಂಗೋಲಿ ಇರುವುದು ಸಾರ್ವಜನಿಕ ರಸ್ತೆಯ ಮೇಲೆ. ಅದಕ್ಕೆ ಯಾರೂ ಅರ್ಜಿ ಹಾಕಿಲ್ಲ, ಯಾರೂ ತಡೆದೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಡಿಯ ಚಕ್ರ, ನಡೆಯುವವರ ಕಾಲು ಅದನ್ನು ಅಳಿಸಿರುತ್ತವೆ, ಮರುದಿನ ಹೊಸದು ಬರುತ್ತದೆ. ಅಳಿಸಿದರೆ ಬೇಸರವಿಲ್ಲ, ಏಕೆಂದರೆ ಅದರ ಅರ್ಥ ಗೆರೆಗಳಿಗಿಂತ ಹೆಚ್ಚಾಗಿ ದಿನವೂ ಇಡುವುದರಲ್ಲಿದೆ. ಕಾನೂನು ಕೊಡದ ಅಪ್ಪಣೆಯನ್ನು ಇಲ್ಲಿ ರೂಢಿ ಕೊಟ್ಟಿದೆ.

ನಗರದ ಕಾಂಪೌಂಡ್ ಗೋಡೆಗಳ ಬುಡದಲ್ಲಿ ಸಾಲಾಗಿ ಕೂರಿಸಿರುವ ದೇವರ ಟೈಲ್ಸ್‌ಗಳನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ಗಣಪತಿ, ಏಸು, ಮೆಕ್ಕಾದ ಚಿತ್ರ ಅಕ್ಕಪಕ್ಕದಲ್ಲಿರುತ್ತವೆ. 'ಇಲ್ಲಿ ಮೂತ್ರ ಮಾಡಬಾರದು' ಎಂದು ಬರೆದ ಅಕ್ಷರಗಳು ಸೋತ ಕಡೆ ಈ ಚಿತ್ರಗಳು ಕೆಲಸ ಮಾಡುತ್ತವೆ. ಚಿತ್ರ ಮಾತಿಗಿಂತ ಬೇಗ ಮುಟ್ಟುತ್ತದೆ ಎಂಬುದನ್ನು ಆ ಗೋಡೆಗಳ ಮಾಲೀಕರು ಯಾವ ಕಲಾಶಾಲೆಗೂ ಹೋಗದೆ ಕಂಡುಕೊಂಡಿದ್ದಾರೆ.

ಕಾನೂನಿನ ಮಾತು ಬೇರೆ. ನಮ್ಮ ರಾಜ್ಯದಲ್ಲಿ 1981ರಿಂದ ಒಂದು ಕಾಯ್ದೆ ಇದೆ: ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಗೋಡೆ, ಕಂಬ, ಮರ, ಬೇಲಿಗಳ ಮೇಲೆ ಅನುಮತಿಯಿಲ್ಲದೆ ಬರೆದರೆ ಅಥವಾ ಅಂಟಿಸಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಯ್ದೆ ಚಿತ್ರಕ್ಕೂ ಪೋಸ್ಟರಿಗೂ ಭೇದ ಮಾಡುವುದಿಲ್ಲ, ಮಾಡಲೂ ಬಾರದು. ಆದರೆ ದಿನನಿತ್ಯ ಅದನ್ನು ಮುರಿಯುವುದು ಯಾರು ಎಂದು ಬೀದಿಯಲ್ಲಿ ನಡೆದವರಿಗೆಲ್ಲ ಗೊತ್ತು: ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್, ಕೋಚಿಂಗ್ ತರಗತಿಯ ಚೀಟಿ, ಸಾಲ ಕೊಡುವವರ ಫೋನ್ ನಂಬರು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗಟ್ಟಿಯಾಗಿ ಕೇಳಿದ ಮೇಲೆಯೇ ಬೆಂಗಳೂರು ಪಾಲಿಕೆ ಫ್ಲೆಕ್ಸ್‌ಗಳನ್ನು ರಾಶಿರಾಶಿಯಾಗಿ ಇಳಿಸಿದ್ದು. ದುಡ್ಡಿದ್ದವರ ಮುಖ ಊರ ತುಂಬ ತೂಗುವಾಗ ಕಾಣದ ವಿರೂಪ, ಒಬ್ಬ ಹುಡುಗಿ ಗೋಡೆಯ ಮೇಲೆ ಒಂದು ಪ್ರಶ್ನೆ ಬರೆದಾಗ ಮಾತ್ರ ಕಾಣುವುದು ನನಗೆ ನ್ಯಾಯವೆನಿಸುವುದಿಲ್ಲ. ಬೀದಿಚಿತ್ರಗಾರರು ಊರೂರುಗಳಲ್ಲಿ ಕೇಳುವುದೂ ಇದನ್ನೇ: ನನ್ನ ಕಣ್ಣಿಗೆ ದಿನವೂ ಬೀಳುವ ಜಾಹೀರಾತಿಗೆ ನನ್ನ ಅಪ್ಪಣೆಯನ್ನು ಯಾರು ಕೇಳಿದರು?

ಈಗ ಬೇರೆ ಊರಿನ ಗೋಡೆಗಳಿಗೆ ಹೋಗೋಣ. ಇಂದು ಗ್ರಾಫಿಟಿ ಎಂದು ಜಗತ್ತು ಕರೆಯುವ ಶೈಲಿ 1960ರ ದಶಕದ ಕೊನೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕ್‌ಗಳಲ್ಲಿ ಬೆಳೆಯಿತು. ಅಲ್ಲಿ ಮೊದಲು ಬಂದದ್ದು ಚಿತ್ರವಲ್ಲ, ಹೆಸರು. ಅಡ್ಡಹೆಸರು ಮತ್ತು ತಾನಿದ್ದ ಬೀದಿಯ ಸಂಖ್ಯೆಯನ್ನು ಸೇರಿಸಿ 'ಟಾಕಿ 183' ಎಂದು ಒಬ್ಬ ಹುಡುಗ ಊರ ತುಂಬ ಬರೆದ. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅವನ ಬಗ್ಗೆ ಬರೆದ ಮೇಲೆ ನೂರಾರು ಹುಡುಗರು ಮಾರ್ಕರ್ ಹಿಡಿದು ಹೊರಟರು. ಗೋಡೆಗಿಂತ ಸುರಂಗ ರೈಲಿನ ಬೋಗಿ ಅವರಿಗೆ ಹೆಚ್ಚು ಪ್ರಿಯವಾಯಿತು, ಏಕೆಂದರೆ ಗೋಡೆ ನಿಂತಲ್ಲೇ ನಿಲ್ಲುತ್ತದೆ, ಬೋಗಿ ಹೆಸರನ್ನು ಹೊತ್ತು ಊರೆಲ್ಲ ತಿರುಗುತ್ತದೆ. ಹೆಸರು ದೊಡ್ಡದಾಗುತ್ತಾ, ಬಣ್ಣ ಸೇರುತ್ತಾ, ಕೊನೆಗೆ ಇಡೀ ಬೋಗಿಯನ್ನು ಮುಚ್ಚುವ ಚಿತ್ರವಾಯಿತು. ಬಡವರ ಬಡಾವಣೆಗಳಲ್ಲಿ ಬೆಳೆದ, ಯಾವ ಫಲಕದ ಮೇಲೂ ಹೆಸರು ಬರುವ ಸಾಧ್ಯತೆಯೇ ಇಲ್ಲದ ಮಕ್ಕಳು 'ನಾನಿದ್ದೇನೆ' ಎಂದು ಹೇಳಿದ ಬಗೆ ಅದು.

ಅಳಿಸಿದರೆ ಏನಾಗುತ್ತಿತ್ತು? ವರ್ಷಗಟ್ಟಲೆ ಅಳಿಸಿದರೂ ಮತ್ತೆ ಬರೆದರು. ಆಗ ಸಾರಿಗೆ ಸಂಸ್ಥೆಗೆ ಒಂದು ಸೂಕ್ಷ್ಮ ಹೊಳೆಯಿತು. ಬರೆಯುವವರಿಗೆ ಬೇಕಾದದ್ದು ಬೋಗಿಯಲ್ಲ, ಬೋಗಿಯನ್ನು ನೋಡುವ ಜನ. 1984ರಿಂದ ಅದು, ಸ್ವಚ್ಛಗೊಳಿಸಿದ ಬೋಗಿಯ ಮೇಲೆ ಮತ್ತೆ ಬಣ್ಣ ಬಿದ್ದರೆ ಅದನ್ನು ತೊಳೆಯುವವರೆಗೆ ಓಡಿಸುವುದಿಲ್ಲ ಎಂಬ ನಿಯಮವನ್ನು ಹಂತಹಂತವಾಗಿ ತಂದಿತು. ರಾತ್ರಿಯೆಲ್ಲ ಕಷ್ಟಪಟ್ಟು ಬರೆದದ್ದನ್ನು ಬೆಳಿಗ್ಗೆ ಒಬ್ಬರೂ ನೋಡದಿದ್ದರೆ ಬರೆದು ಫಲವೇನು? 1989ರ ಮೇ 12ರಂದು ಬಣ್ಣ ಬಳಿದ ಕೊನೆಯ ರೈಲು ಸೇವೆಯಿಂದ ಹೊರಬಿತ್ತು. ದಂಡ, ನಾಯಿ, ಮುಳ್ಳುತಂತಿಗಳಿಂದ ಮಾತ್ರ ಆಗದ ಕೆಲಸ, ಉದ್ದೇಶ ಏನೆಂದು ತಿಳಿದಾಗ ಆಯಿತು.

ಅದೇ ಸುರಂಗ ನಿಲ್ದಾಣಗಳಲ್ಲಿ, ಅದೇ ವರ್ಷಗಳಲ್ಲಿ, ಕೀತ್ ಹೇರಿಂಗ್ ಎಂಬ ತರುಣ ಬೇರೆಯೇ ದಾರಿ ಹಿಡಿದಿದ್ದ. ಅವಧಿ ಮುಗಿದ ಜಾಹೀರಾತುಗಳ ಮೇಲೆ ಅಲ್ಲಿ ಕಪ್ಪು ಕಾಗದ ಅಂಟಿಸುತ್ತಿದ್ದರು. ಅದನ್ನು ಕಂಡ ಹೇರಿಂಗ್‌ಗೆ ಶಾಲೆಯ ಹಲಗೆ ಕಂಡಂತಾಯಿತು. 1980ರಿಂದ 1985ರವರೆಗೆ ಆತ ಬಿಳಿ ಬಳಪದಿಂದ ಹೊಳೆಯುವ ಮಗು, ಬೊಗಳುವ ನಾಯಿ, ಕುಣಿಯುವ ಮನುಷ್ಯರನ್ನು ನಿಮಿಷಗಳಲ್ಲಿ ಬರೆದು ಮುಂದಿನ ನಿಲ್ದಾಣಕ್ಕೆ ಹೋಗುತ್ತಿದ್ದ. ಬಳಪ ಒರೆಸಿದರೆ ಹೋಗುತ್ತದೆ, ಹೊಸ ಜಾಹೀರಾತು ಬಂದರೆ ಕಾಗದವೇ ಮುಚ್ಚಿಹೋಗುತ್ತದೆ. ಅದು ಗೊತ್ತಿದ್ದೇ ಬರೆದ. ರೈಲಿಗೆ ಕಾಯುವವರ ಎರಡು ನಿಮಿಷಕ್ಕೆ ಬರೆದ ಚಿತ್ರಗಳು ಅವು. ಪೊಲೀಸರು ಅವನನ್ನು ಹಲವು ಬಾರಿ ಹಿಡಿದರು. 1986ರಲ್ಲಿ ಹಾರ್ಲೆಮ್‌ನ ಆಟದ ಮೈದಾನವೊಂದರ ಗೋಡೆಯ ಮೇಲೆ ಕ್ರ್ಯಾಕ್ ಎಂಬ ಮಾದಕವಸ್ತುವಿನ ವಿರುದ್ಧ ಆತ ದೊಡ್ಡ ಚಿತ್ರ ಬರೆದಾಗಲೂ ಸಣ್ಣ ದಂಡ ಕಟ್ಟಬೇಕಾಯಿತು. ಆ ಚಿತ್ರವನ್ನು ಯಾರೋ ತಿದ್ದಿ ಕೆಡಿಸಿದರು, ನಗರದವರು ಬಣ್ಣ ಬಳಿದು ಮುಚ್ಚಿದರು, ಆಮೇಲೆ ಅದೇ ನಗರದ ಉದ್ಯಾನ ಇಲಾಖೆ ಅವನನ್ನೇ ಕರೆದು ಮತ್ತೆ ಬರೆಸಿತು. ದಂಡ ಹಾಕಿದ ಊರೇ ಇಂದು ಅದನ್ನು ಕಾಪಾಡುತ್ತಿದೆ.

ಹೊರಗಿನಿಂದ ನೋಡುವವರಿಗೆ ಈ ಕೆಲಸದ ತಂತ್ರ ವಿಚಿತ್ರವಾಗಿ ಕಾಣಬಹುದು. ಸ್ಟೆನ್ಸಿಲ್ ಯಾಕೆ, ಕಾಗದ ಅಂಟಿಸುವುದು ಯಾಕೆ, ಬಳಪ ಯಾಕೆ? ಎಲ್ಲಕ್ಕೂ ಉತ್ತರ ಸಮಯ. ಮನೆಯಲ್ಲಿ ನಿಧಾನವಾಗಿ ರಟ್ಟು ಕತ್ತರಿಸಿಕೊಂಡರೆ ಬೀದಿಯಲ್ಲಿ ಒಂದು ನಿಮಿಷ ಸಾಕು: ರಟ್ಟು ಹಿಡಿ, ಬಣ್ಣ ಚಿಮುಕಿಸು, ಹೊರಡು. ಪ್ಯಾರಿಸ್‌ನಲ್ಲಿ ಬ್ಲೆಕ್ ಲ ರಾ 1980ರ ದಶಕದ ಆರಂಭದಿಂದ ಇಲಿಗಳನ್ನು ಹೀಗೆ ಮೂಡಿಸಿದರು, ಇಂಗ್ಲೆಂಡಿನ ಬ್ಯಾಂಕ್ಸಿ ಆ ದಾರಿಯನ್ನು ಜಗತ್ಪ್ರಸಿದ್ಧ ಮಾಡಿದರು. ಕಾಗದದ ಮೇಲೆ ಮೊದಲೇ ಬರೆದು ತಂದು ಅಂಟಿನಿಂದ ಮೆತ್ತುವ ವಿಧಾನವನ್ನು ನಮಗೆ ಯಾರೂ ವಿವರಿಸಬೇಕಿಲ್ಲ, ಸಿನಿಮಾ ಪೋಸ್ಟರ್ ಅಂಟಿಸುವವರು ಮೈದಾ ಬೇಯಿಸಿದ ಅಂಟಿನ ಬಕೆಟ್ಟು ಹಿಡಿದು ರಾತ್ರಿ ಮಾಡುವ ಕೆಲಸವೇ ಅದು. ಸಿಕ್ಕಿಬೀಳುವ ಭಯವೇ ಈ ಕಲೆಯ ಗೆರೆಗಳನ್ನು ಸರಳ ಮಾಡಿತು. ದೂರದಿಂದ, ಓಡುವ ಬಸ್ಸಿನಿಂದ ನೋಡಿದರೂ ಅರ್ಥವಾಗುವ ಅದರ ಗುಣ ಹುಟ್ಟಿದ್ದು ಅಲ್ಲಿಂದ.

ಭಯದ ಬೆಲೆ ಎಲ್ಲ ಕಡೆ ಒಂದೇ ಅಲ್ಲ. 2011ರ ಆರಂಭದಲ್ಲಿ ಸಿರಿಯಾದ ದಕ್ಷಿಣದ ದರಾ ಎಂಬ ಊರಿನಲ್ಲಿ ಕೆಲವು ಹುಡುಗರು ಶಾಲೆಯ ಗೋಡೆಯ ಮೇಲೆ 'ಈಗ ನಿನ್ನ ಸರದಿ, ಡಾಕ್ಟರ್' ಎಂದು ಬರೆದರು. ಟ್ಯುನೀಷಿಯಾ, ಈಜಿಪ್ಟ್‌ಗಳಲ್ಲಿ ಆಳುವವರು ಉರುಳಿದ್ದ ಸಮಯ ಅದು. ಡಾಕ್ಟರ್ ಎಂದರೆ ಕಣ್ಣಿನ ವೈದ್ಯಕೀಯ ಓದಿದ್ದ ಆಗಿನ ಅಧ್ಯಕ್ಷ ಬಶರ್ ಅಲ್ ಅಸದ್. ಹುಡುಗರನ್ನು ಬಂಧಿಸಿ ಚಿತ್ರಹಿಂಸೆ ಕೊಟ್ಟರು. ಮಕ್ಕಳನ್ನು ಬಿಡಿ ಎಂದು ಕೇಳಿದ ಊರವರ ಮೇಲೆ ಮಾರ್ಚ್‌ನಲ್ಲಿ ಗುಂಡು ಹಾರಿತು, ಪ್ರತಿಭಟನೆ ದೇಶದ ಉದ್ದಗಲಕ್ಕೆ ಹಬ್ಬಿತು, ಅದರ ಹಿಂದೆ ಹದಿಮೂರು ವರ್ಷಗಳ ಯುದ್ಧ ಬಂತು. ಯುದ್ಧಕ್ಕೆ ಗೋಡೆಬರಹ ಕಾರಣವೆನ್ನುವುದು ತಪ್ಪು, ಕಾರಣಗಳು ಬಹಳ ಹಿಂದಿನವು. ಆದರೆ ಬಾಯಿ ತೆರೆಯಲಾಗದ ನಾಡಿನಲ್ಲಿ ಗೋಡೆಯೊಂದೇ ಮಾತಾಡುವ ಜಾಗವಾಗುತ್ತದೆ ಎಂಬುದನ್ನು ಅದು ತೋರಿಸುತ್ತದೆ. ಅಲ್ಲಿ ಅಪ್ಪಣೆ ಕೇಳಿ ಬರೆಯುವುದು ಎಂಬ ಮಾತಿಗೆ ಅರ್ಥವೇ ಇಲ್ಲ. ಯಾರ ವಿರುದ್ಧ ಬರೆಯುತ್ತಾರೋ ಅವರೇ ಅಪ್ಪಣೆ ಕೊಡಬೇಕಾದವರು.

ಕೈರೋದ ಮೊಹಮದ್ ಮಹ್ಮೂದ್ ಬೀದಿಯಲ್ಲೂ ಹೀಗೆಯೇ. 2011ರ ದಂಗೆಯಲ್ಲಿ ಮತ್ತು ಅದರ ಮುಂದಿನ ಘರ್ಷಣೆಗಳಲ್ಲಿ ಸತ್ತವರ ಮುಖಗಳನ್ನು ಕಲಾವಿದರು ಅಲ್ಲಿನ ಗೋಡೆಗಳ ಮೇಲೆ ಬರೆದಿದ್ದರು. ತಾಯಂದಿರು ಬಂದು ಮಗನ ಚಿತ್ರದ ಮುಂದೆ ನಿಲ್ಲುತ್ತಿದ್ದ ಗೋಡೆ ಅದು. 2012ರ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಕೆಲಸಗಾರರು ಬಂದು ಗೋಡೆಗೆ ಬಣ್ಣ ಬಳಿದರು. ಮರುದಿನವೇ ಕಲಾವಿದರು ಮತ್ತೆ ಕುಂಚ ಹಿಡಿದು ಬಂದರು. ನೆನಪಿಗಾಗಿ ಬರೆದ ಚಿತ್ರವನ್ನು ಅಳಿಸಿದರೆ, ಅಳಿಸಿದ್ದೂ ನೆನಪಿನ ಭಾಗವಾಗುತ್ತದೆ. ಗೋಡೆಯ ಮೇಲಿನ ಹೊಸ ಬಣ್ಣ ಕೂಡ ಏನನ್ನೋ ಹೇಳುತ್ತಿರುತ್ತದೆ.

ಇಷ್ಟು ಹೇಳಿದ ಮೇಲೆ, ಗೋಡೆಗೆ ಬಣ್ಣ ಹಾಕಿದ್ದೆಲ್ಲ ಪ್ರತಿಭಟನೆ ಎಂದು ನಾನು ಒಪ್ಪುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಹಂಪಿಯ ಮಂಟಪಗಳಲ್ಲಿ, ಕೋಟೆಗಳ ಕಲ್ಲಿನಲ್ಲಿ, ಹೃದಯದ ಗುರುತಿನೊಳಗೆ ಎರಡು ಹೆಸರು ಕೊರೆದಿರುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಅದರಲ್ಲೂ 'ನಾನಿದ್ದೇನೆ' ಎಂಬ ಮಾತೇ ಇದೆ, ನಿಜ. ಆದರೆ ನ್ಯೂಯಾರ್ಕಿನ ಬೋಗಿಯನ್ನು ತೊಳೆಯಬಹುದಿತ್ತು, ಆರು ನೂರು ವರ್ಷದ ಕಲ್ಲಿಗೆ ಬಿದ್ದ ಗಾಯವನ್ನು ಯಾರೂ ತೊಳೆಯಲಾರರು. ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯ್ದೆ, 2010ರ ತಿದ್ದುಪಡಿಯ ನಂತರ, ಇದಕ್ಕೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಈ ಕಠಿಣತೆ ಸರಿಯಾಗಿದೆ. ಸಾಲ ಮಾಡಿ ಮನೆ ಕಟ್ಟಿಸಿ, ಹಬ್ಬಕ್ಕೆಂದು ಸುಣ್ಣಬಣ್ಣ ಹಾಕಿಸಿದವರ ಗೋಡೆಯ ಮೇಲೆ ರಾತ್ರೋರಾತ್ರಿ ಗೀಚುವುದರಲ್ಲೂ ನನಗೆ ಧೈರ್ಯ ಕಾಣುವುದಿಲ್ಲ. 'ಅಳಿಸಿದರೆ ಏನಾಗುತ್ತದೆ' ಎಂಬುದರ ಜೊತೆಗೆ 'ಅಳಿಸಲು ಸಾಧ್ಯವೇ, ಅಳಿಸುವ ಖರ್ಚು ಯಾರದು' ಎಂದೂ ಕೇಳಬೇಕು.

ಮುಂದಿನ ತೊಡಕು ಒಡೆತನದ್ದು. ಅಪ್ಪಣೆಯಿಲ್ಲದ ಚಿತ್ರ ಯಾರದ್ದು? 2012ರ ಮೇ ತಿಂಗಳಲ್ಲಿ, ರಾಣಿಯ ಆಳ್ವಿಕೆಯ 60ನೇ ವರ್ಷದ ಸಂಭ್ರಮಕ್ಕೆ ಲಂಡನ್ ಸಜ್ಜಾಗುತ್ತಿದ್ದಾಗ, ವುಡ್ ಗ್ರೀನ್ ಎಂಬ ಸಾಧಾರಣ ಬಡಾವಣೆಯ ಅಗ್ಗದ ಅಂಗಡಿಯೊಂದರ ಪಕ್ಕದ ಗೋಡೆಯಲ್ಲಿ ಬ್ಯಾಂಕ್ಸಿಯ ಚಿತ್ರ ಮೂಡಿತು: ಮಂಡಿಯೂರಿದ ಪುಟ್ಟ ಹುಡುಗ ಹೊಲಿಗೆ ಯಂತ್ರದಲ್ಲಿ ಬ್ರಿಟಿಷ್ ಬಾವುಟಗಳ ತೋರಣ ಹೊಲಿಯುತ್ತಿದ್ದಾನೆ. 2013ರ ಫೆಬ್ರುವರಿಯಲ್ಲಿ ಗೋಡೆಯ ಆ ಭಾಗವನ್ನೇ ಕತ್ತರಿಸಿ ತೆಗೆದಿದ್ದರು. ಅದು ಅಮೆರಿಕದ ಮಯಾಮಿಯ ಹರಾಜಿನಲ್ಲಿ ಕಾಣಿಸಿಕೊಂಡಿತು. ಬಡಾವಣೆಯವರು 'ನಮ್ಮ ಚಿತ್ರ ನಮಗೆ ಕೊಡಿ' ಎಂದು ಗಲಾಟೆ ಮಾಡಿದ್ದರಿಂದ ಅಲ್ಲಿ ಹಿಂದೆಗೆದರು, ಜೂನ್‌ನಲ್ಲಿ ಲಂಡನ್ನಿನಲ್ಲೇ ಮಾರಿದರು. ಗೋಡೆ ಖಾಸಗಿ, ಆದ್ದರಿಂದ ಕಾನೂನು ಮಾಲೀಕರ ಕಡೆಗಿತ್ತು. ಆದರೆ ಆ ಅಂಗಡಿಯ ಗೋಡೆಯಿಂದ, ಆ ಬೀದಿಯಿಂದ ಕಿತ್ತ ಮೇಲೆ ಚಿತ್ರದ ಮಾತೇ ಹೋಯಿತು. ಅಗ್ಗದ ಸಾಮಾನು ಕೊಳ್ಳಲು ಬಂದವರಿಗೆ, ಆ ಅಗ್ಗದ ಹಿಂದೆ ಎಲ್ಲೋ ಒಂದು ಮಗುವಿನ ಕೈ ಇದೆ ಎಂದು ಹೇಳುತ್ತಿದ್ದ ಚಿತ್ರ, ಹರಾಜು ಕೋಣೆಯಲ್ಲಿ ಬಣ್ಣ ಮೆತ್ತಿದ ಗಾರೆಯ ತುಂಡು.

ಅಪ್ಪಣೆ ಇದ್ದರೆ ಕಲಾವಿದರಿಗೆ ಬೇರೆ ಬಲ ಸಿಗುತ್ತದೆ. ನ್ಯೂಯಾರ್ಕಿನ ಫೈವ್ ಪಾಯಿಂಟ್ಜ್ ಎಂಬ ಹಳೆಯ ಕಾರ್ಖಾನೆಯ ಗೋಡೆಗಳ ಮೇಲೆ ಮಾಲೀಕರ ಒಪ್ಪಿಗೆಯಿಂದ ವರ್ಷಗಟ್ಟಲೆ ಚಿತ್ರಗಳು ಬೆಳೆದಿದ್ದವು. ಕಟ್ಟಡ ಕೆಡವಿ ಮನೆಗಳನ್ನು ಕಟ್ಟುವ ಯೋಜನೆ ಬಂದಾಗ, 2013ರ ನವೆಂಬರ್‌ನಲ್ಲಿ ಒಂದೇ ರಾತ್ರಿಯಲ್ಲಿ ಎಲ್ಲಕ್ಕೂ ಬಿಳಿ ಬಣ್ಣ ಹೊಡೆದರು. ಕಲಾವಿದರು ನ್ಯಾಯಾಲಯಕ್ಕೆ ಹೋದರು. 2018ರಲ್ಲಿ 21 ಕಲಾವಿದರಿಗೆ ಒಟ್ಟು 67 ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರ ಸಿಕ್ಕಿತು. ಅಪ್ಪಣೆಯಿಲ್ಲದೆ ಪರರ ಜಾಗದಲ್ಲಿ ಇಟ್ಟ ಕೃತಿಗೆ ಇಂಥ ರಕ್ಷಣೆ ಇಲ್ಲವೆಂದು ಅದೇ ಊರಿನ ನ್ಯಾಯಾಲಯವೊಂದು 1997ರಲ್ಲಿ ಹೇಳಿತ್ತು. ನಮ್ಮಲ್ಲೂ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಕಲಾವಿದನಿಗೆ ತನ್ನ ಕೃತಿಯ ಮಾನ ಕಾಯುವ ಹಕ್ಕು ಕೊಡುತ್ತದೆ. ದೆಹಲಿಯ ವಿಜ್ಞಾನ ಭವನಕ್ಕೆಂದು ಶಿಲ್ಪಿ ಅಮರ್‌ನಾಥ್ ಸೆಹಗಲ್ ಮಾಡಿದ್ದ ಬೃಹತ್ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರ 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿತ್ತು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ತುಂಡುಗಳನ್ನು ಅವರಿಗೆ ಮರಳಿಸಿ, ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಸರ್ಕಾರವೇ ಹೇಳಿ ಮಾಡಿಸಿದ ಕೃತಿಗೆ ನ್ಯಾಯ ಸಿಗಲು ಇಷ್ಟು ಕಾಲ ಹಿಡಿಯಿತು ಎಂದ ಮೇಲೆ, ರಾತ್ರಿ ಗೋಡೆಗೆ ಬರೆದವರು ಯಾವ ಹಕ್ಕನ್ನು ಕೇಳಿಯಾರು? ಕೇಳುವುದೂ ಇಲ್ಲ. ಆ ಬಿಟ್ಟುಕೊಡುವಿಕೆ ಅವರ ಕೆಲಸದ ಒಳಗೇ ಇದೆ.

ಹಾಗಾದರೆ ಎಲ್ಲರಿಗೂ ಅಪ್ಪಣೆ ಕೊಟ್ಟುಬಿಟ್ಟರೆ ಸಮಸ್ಯೆ ಮುಗಿಯಿತೇ? 2009ರ ಸುಮಾರಿಗೆ ಬೆಂಗಳೂರು ಪಾಲಿಕೆ ಊರಿನ ಗೋಡೆಗಳ ಮೇಲೆ ತಾನೇ ಚಿತ್ರ ಬರೆಸಲು ಹೊರಟಿತು. ಮೈಸೂರು ಅರಮನೆ, ಜಲಪಾತ, ಹುಲಿ, ಯಕ್ಷಗಾನದ ವೇಷಗಳು ಗೋಡೆಗೋಡೆಗಳಲ್ಲಿ ಬಂದವು. ಬರೆದವರಲ್ಲಿ ಬಹಳ ಮಂದಿ ಸಿನಿಮಾ ಬ್ಯಾನರ್, ಕಟೌಟ್ ಬರೆಯುತ್ತಿದ್ದು, ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡವರು. ಅವರ ಕೈಗೆ ಮತ್ತೆ ಕುಂಚ ಬಂದದ್ದು ಒಳ್ಳೆಯದೇ ಆಯಿತು, ಅವರ ನುರಿತ ಕೈಯ ಬಗ್ಗೆ ನನಗೆ ಗೌರವವಿದೆ. ಆದರೆ ಆ ಚಿತ್ರಗಳು ಎದುರಿಗಿದ್ದ ರಸ್ತೆಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ, ಆಡುವಂತೆಯೂ ಇರಲಿಲ್ಲ. ಪಾಲಿಕೆಯ ಹಣದಿಂದ ಪಾಲಿಕೆಯ ಗುಂಡಿಯ ಚಿತ್ರ ಬರೆಯಲಾಗುವುದಿಲ್ಲ. ಅಪ್ಪಣೆಯುಳ್ಳ ಚಿತ್ರ ಊರನ್ನು ಚೆಂದ ಮಾಡಬಹುದು, ಊರಿನ ಒಂದು ಸಮುದಾಯಕ್ಕೆ ಮುಖ ಕೊಡಬಹುದು. 2016ರಿಂದ ಲಿಂಗತ್ವ ಅಲ್ಪಸಂಖ್ಯಾತರ ಜೊತೆ ಸೇರಿ ದೊಡ್ಡ ಗೋಡೆಗಳಿಗೆ ಬಣ್ಣ ತುಂಬುತ್ತಿರುವ ಬೆಂಗಳೂರಿನ ಅರವಾಣಿ ಆರ್ಟ್ ಪ್ರಾಜೆಕ್ಟ್ ಅದನ್ನು ಸೊಗಸಾಗಿ ಮಾಡುತ್ತಿದೆ. ದೂರು ಕೊಡುವ ಚಿತ್ರದ ಕೆಲಸ ಮಾತ್ರ ಬೇರೆ. ದೂರು ಯಾರ ಮೇಲೋ, ಅವರ ಅಪ್ಪಣೆಗೆ ಕಾಯುವಂತಿಲ್ಲ.

ಬಾದಲ್ ಅವರ ಇನ್ನೊಂದು ಕೆಲಸ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತದೆ. 2019ರ ಸೆಪ್ಟೆಂಬರ್ ಮೊದಲ ವಾರ ದೇಶವೆಲ್ಲ ಆಕಾಶ ನೋಡುತ್ತಿತ್ತು. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಸೆಪ್ಟೆಂಬರ್ 2ರಂದು ನೌಕೆಯಿಂದ ಬೇರ್ಪಟ್ಟಿತ್ತು, 7ರ ನಸುಕಿನಲ್ಲಿ ಇಳಿಯಬೇಕಿತ್ತು. ಅದೇ ಸಮಯಕ್ಕೆ ಒಂದು ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಕತ್ತಲು, ಕುಳಿಗಳು, ಬಿಳಿಯ ಉಡುಪು ತೊಟ್ಟ ಗಗನಯಾತ್ರಿಯೊಬ್ಬ ನಿಧಾನವಾಗಿ ತೂಗುತ್ತಾ ಹೆಜ್ಜೆ ಇಡುತ್ತಾನೆ. ಚಂದ್ರನೇ ಅನಿಸುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಆಟೊ ಹಾದುಹೋಗುತ್ತದೆ. ಅದು ಬೆಂಗಳೂರಿನ ಹೇರೋಹಳ್ಳಿ ಕಡೆಯ ತುಂಗಾನಗರದ ರಸ್ತೆ, ಉಡುಪಿನೊಳಗಿದ್ದವರು ನಟ ಪೂರ್ಣಚಂದ್ರ ಮೈಸೂರು.

ಇಲ್ಲಿ ಬಣ್ಣವೇ ಇಲ್ಲ, ಗೋಡೆಯೂ ಇಲ್ಲ. ವಿರೂಪ ತಡೆ ಕಾಯ್ದೆಗೆ ಹಿಡಿಯಲು ಏನೂ ಸಿಗುವುದಿಲ್ಲ. ರಸ್ತೆಯನ್ನು ವಿರೂಪಗೊಳಿಸಿದ್ದು ಕಲಾವಿದನಲ್ಲ, ಅವನು ಅದರ ಮೇಲೆ ನಡೆದ ಅಷ್ಟೇ. ಚಂದ್ರನನ್ನು ಮುಟ್ಟಲು ಹೊರಟ ನಾಡಿನ ಹೆಮ್ಮೆಯನ್ನೂ, ಮನೆ ಮುಂದಿನ ರಸ್ತೆಯ ಅವಸ್ಥೆಯನ್ನೂ ಒಂದೇ ನಿಮಿಷದಲ್ಲಿ ಎದುರುಬದುರು ನಿಲ್ಲಿಸಿದ. ಮರುದಿನ ಪಾಲಿಕೆಯ ಯಂತ್ರಗಳು ತುಂಗಾನಗರಕ್ಕೆ ಬಂದವು. ಜಲ್ಲಿ ಸುರಿಯಿತು, ರೋಲರ್ ಓಡಿತು, ಕುಳಿಗಳು ಒಂದೊಂದಾಗಿ ತುಂಬಿದವು.